ಶೇ 50 ಅಂದರೆ ಅರ್ಧ ತೂಕ ಅಲ್ಲ: ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡವರ ಪ್ರಶ್ನೆಗಳು

ಬೊಜ್ಜಿನ ಆಪರೇಷನ್ ಬಗ್ಗೆ ನಮ್ಮ ತುಮಕೂರು ಕಡೆಯಿಂದ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಇರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಬ್ಯಾಂಡ್ ಅಂದರೇನು, ಪೋರ್ಟ್ ಎಲ್ಲಿ ಕೂರಿಸುತ್ತಾರೆ ಅನ್ನುವುದನ್ನೆಲ್ಲ ಆಪರೇಷನ್ ಮಾಡಿದವರೇ ನಿಮಗೆ ಹೇಳಿರುತ್ತಾರೆ. ಹೊಸಬರಿಗೆ ಒಂದೇ ಮಾತು: ಜಠರದ ಮೇಲ್ಭಾಗಕ್ಕೆ ಸುತ್ತುವ, ಸಲೈನ್ (ಉಪ್ಪುನೀರು) ತುಂಬಿಸಿ ಬಿಗಿ ಮಾಡುವ ಪಟ್ಟಿಯೇ ಬ್ಯಾಂಡ್, ಆ ಸಲೈನ್ ತುಂಬಿಸಲು ಚರ್ಮದ ಕೆಳಗೆ ಕೂರಿಸುವ ಪುಟ್ಟ ಡಬ್ಬಿಯೇ ಪೋರ್ಟ್. ಉಳಿದದ್ದನ್ನು ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನನ್ನ ಎತ್ತರ 160 ಸೆಂ.ಮೀ. ತೂಕ 110 ಕೆಜಿ ಇತ್ತು. ಬ್ಯಾಂಡ್ ಹಾಕಿಸಿ ನಾಲ್ಕು ತಿಂಗಳಾಯ್ತು, ಇಳಿದಿರುವುದು 9 ಕೆಜಿ ಮಾತ್ರ. ಸ್ಲೀವ್ ಆಪರೇಷನ್ ಮಾಡಿಸಿಕೊಂಡ ನನ್ನ ನಾದಿನಿ ಅಷ್ಟೇ ಸಮಯದಲ್ಲಿ 20 ಕೆಜಿ ಇಳಿದಿದ್ದಾಳೆ. ಶೇ 50 ಇಳಿಯುತ್ತೆ ಅಂತ ಹೇಳಿದ್ದರು, ಅಂದರೆ ನಾನು 55 ಕೆಜಿಗೆ ಬರಬೇಕಲ್ವಾ? ಬ್ಯಾಂಡ್ ಇನ್ನೂ ಟೈಟ್ ಮಾಡಿಸಲಾ? (ತಿಪಟೂರು)

ಉತ್ತರ: ನಾಲ್ಕು ತಿಂಗಳಿಗೆ 9 ಕೆಜಿ ಕಡಿಮೆ ಏನಲ್ಲ. ತಪ್ಪಿರುವುದು ಲೆಕ್ಕ. ನಿಮಗೆ ಆ ಲೆಕ್ಕವನ್ನು ಬಿಡಿಸಿ ಹೇಳದೆ ಬರೀ 'ಶೇ 50' ಅಂತ ಹೇಳಿ ಕಳಿಸಿದವರ ಮೇಲೆ ನನಗೆ ನಿಜವಾಗಲೂ ಸಿಟ್ಟಿದೆ.

ಆ ಶೇ 50 ನಿಮ್ಮ ಒಟ್ಟು ತೂಕದ್ದಲ್ಲ, ಹೆಚ್ಚುವರಿ ತೂಕದ್ದು. ಎತ್ತರಕ್ಕೆ ತಕ್ಕ ತೂಕ ಅಳೆಯುವ ಲೆಕ್ಕಕ್ಕೆ ಬಿಎಂಐ ಅನ್ನುತ್ತಾರೆ. ನಿಮ್ಮ ಎತ್ತರಕ್ಕೆ ಬಿಎಂಐ 25 ಅಂದರೆ 64 ಕೆಜಿ. 110ರಲ್ಲಿ 64 ಕಳೆದರೆ 46. ಈ 46 ಕೆಜಿ ನಿಮ್ಮ ಹೆಚ್ಚುವರಿ ತೂಕ. ಬ್ಯಾಂಡ್ ಹಾಕಿಸಿಕೊಂಡವರು ಸುಮಾರು ಎರಡು ವರ್ಷದಲ್ಲಿ ಇದರ ಶೇ 40ರಿಂದ 50ರಷ್ಟು ಕಳೆದುಕೊಳ್ಳುತ್ತಾರೆ. ಅಂದರೆ ನಿಮಗೆ 18ರಿಂದ 23 ಕೆಜಿ. ಎಲ್ಲ ಚೆನ್ನಾಗಿ ನಡೆದರೆ ಎರಡು ವರ್ಷಕ್ಕೆ ನೀವು 87ರಿಂದ 92 ಕೆಜಿ ನಡುವೆ ಇರುತ್ತೀರಿ. 55 ಅಲ್ಲ. ಇದನ್ನು ಓದಿ ಬೇಜಾರಾಗುತ್ತದೆ, ಗೊತ್ತು. ಆದರೆ 20 ಕೆಜಿ ಇಳಿದರೆ ಬಿಪಿ, ಮಂಡಿ ನೋವು, ಗೊರಕೆ, ಸಕ್ಕರೆ ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತದೆ. ಇಲ್ಲದ 55ರ ಕನಸು ಹಿಡಿದುಕೊಂಡು ಅದನ್ನು ಸೋಲು ಅಂದುಕೊಳ್ಳಬೇಡಿ.

ಇನ್ನೊಂದು ವಿಷಯ. ಏಷ್ಯಾದವರಿಗೆ ಬಿಎಂಐ 23 ಇಟ್ಟುಕೊಂಡು ಲೆಕ್ಕ ಹಾಕುವವರೂ ಇದ್ದಾರೆ. ಆಗ ನಿಮ್ಮ ಗುರಿ 59 ಕೆಜಿ, ಹೆಚ್ಚುವರಿ 51 ಕೆಜಿ. ಇಳಿದದ್ದು ಅದೇ 20 ಕೆಜಿ ಆದರೂ ಒಂದು ಲೆಕ್ಕದಲ್ಲಿ ಅದು ಶೇ 43, ಇನ್ನೊಂದರಲ್ಲಿ ಶೇ 39. ಹಾಗಾಗಿ ಯಾವ ಆಸ್ಪತ್ರೆಯಲ್ಲಾದರೂ ಶೇಕಡಾ ಹೇಳಿದರೆ 'ನನ್ನ ವಿಷಯದಲ್ಲಿ ಎಷ್ಟು ಕೆಜಿ, ಎಷ್ಟು ವರ್ಷಕ್ಕೆ' ಅಂತ ಕೇಳಿ. ಉತ್ತರ ಬರೆದು ಕೊಡದಿದ್ದರೆ ಎದ್ದು ಬನ್ನಿ.

ಈಗ ನಾದಿನಿಯ ವಿಷಯ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಅದರ ಜೊತೆ ಹೋಗುತ್ತದೆ. ತೂಕ ಮೊದಲ ವರ್ಷದಲ್ಲೇ ದಡದಡ ಇಳಿಯುತ್ತದೆ. ಬ್ಯಾಂಡ್‌ನಲ್ಲಿ ಏನನ್ನೂ ಕತ್ತರಿಸುವುದಿಲ್ಲ, ಆದ್ದರಿಂದ ನಿಧಾನ. ಮೊದಲ ವಾರಗಳಲ್ಲಿ ಬರೀ ದ್ರವ ಆಹಾರ ಇರುವುದರಿಂದ ಒಂದಷ್ಟು ಬೇಗ ಇಳಿಯುತ್ತದೆ, ಅದರಲ್ಲಿ ನೀರಿನ ಪಾಲೂ ಇದೆ. ಆಮೇಲೆ ಊತ ಕಡಿಮೆಯಾಗಿ ಬ್ಯಾಂಡ್ ಸಡಿಲ ಅನಿಸುತ್ತದೆ, ಹಸಿವು ವಾಪಸ್ ಬರುತ್ತದೆ, ತೂಕ ನಿಂತೇಬಿಡುತ್ತದೆ. ಸುಮಾರು 4ರಿಂದ 6 ವಾರಕ್ಕೆ ಪೋರ್ಟ್ ಮೂಲಕ ಮೊದಲ ಸಲ ಸಲೈನ್ ತುಂಬಿಸಿದ ಮೇಲೆಯೇ ಬ್ಯಾಂಡ್ ಕೆಲಸ ಶುರುವಾಗುವುದು. ಅಲ್ಲಿಂದ ವಾರಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿ, ಅದೂ ಪ್ರತಿ ವಾರ ಅಲ್ಲ. ಎರಡನೇ ವರ್ಷ ಇನ್ನೂ ನಿಧಾನ. ದಿನಾ ಬೆಳಗ್ಗೆ ತಕ್ಕಡಿ ಹತ್ತುವುದನ್ನು ಬಿಡಿ, ವಾರಕ್ಕೊಮ್ಮೆ ಸಾಕು.

ಟೈಟ್ ಮಾಡಿಸಲಾ ಅಂತ ಕೇಳಿದ್ದೀರಿ. ಸುಮ್ನೆ ಮಾಡಿಸಬೇಡಿ. ಸ್ವಲ್ಪ ಊಟಕ್ಕೇ ಸಮಾಧಾನ ಆಗಿ, ಮೂರು ನಾಲ್ಕು ಗಂಟೆ ಹಸಿವಾಗದೆ, ವಾಂತಿಯೂ ಇಲ್ಲದಿದ್ದರೆ ನಿಮ್ಮ ಬ್ಯಾಂಡ್ ಸರಿಯಾದ ಅಳತೆಯಲ್ಲೇ ಇದೆ. ಜಾಸ್ತಿ ಬಿಗಿ ಮಾಡಿದರೆ ತೂಕ ಇನ್ನೂ ಬೇಗ ಇಳಿಯುತ್ತದೆ ಅನ್ನುವುದು ಎಲ್ಲರ ನಂಬಿಕೆ, ಆದರೆ ಆಗುವುದು ತಿರುಗುಮುರುಗು. ರೊಟ್ಟಿ, ಪಲ್ಯ, ಕಾಳು, ಮಾಂಸ ಯಾವುದೂ ಇಳಿಯುವುದಿಲ್ಲ, ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮನುಷ್ಯ ಇಳಿಯುವುದನ್ನು ಹುಡುಕುತ್ತಾನೆ. ಐಸ್‌ಕ್ರೀಮ್ ಇಳಿಯುತ್ತದೆ, ಪಾಯಸ ಇಳಿಯುತ್ತದೆ, ಬಾದಾಮಿ ಹಾಲು, ಜ್ಯೂಸ್, ಹೋದ ಹೋದ ಮನೆಯಲ್ಲಿ ಕೊಡುವ ಸಕ್ಕರೆ ಕಾಫಿ ಎಲ್ಲ ಸಲೀಸಾಗಿ ಇಳಿಯುತ್ತದೆ. ಬ್ಯಾಂಡ್‌ಗೆ ಕ್ಯಾಲೊರಿ ಎಣಿಸಲು ಬರುವುದಿಲ್ಲ, ಅದು ತಡೆಯುವುದು ಗಟ್ಟಿ ಆಹಾರವನ್ನು ಮಾತ್ರ. 'ಊಟವೇ ಸೇರಲ್ಲ ಡಾಕ್ಟ್ರೇ, ಆದ್ರೂ ತೂಕ ಏರ್ತಿದೆ' ಅನ್ನುವವರಲ್ಲಿ ಅನೇಕರ ಕಥೆ ಇದೇ. ಅವರಿಗೆ ಬೇಕಾಗಿರುವುದು ಸಲೈನ್ ಸ್ವಲ್ಪ ತೆಗೆಸುವುದು, ತುಂಬಿಸುವುದಲ್ಲ.

ನಮ್ಮ ಕಡೆಯವರಿಗೆ ಮುದ್ದೆ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಚಿಕ್ಕಂದಿನಿಂದ ಕಲಿತಿದ್ದೇವೆ. ಬ್ಯಾಂಡ್ ಮೇಲೆ ಜಠರದಲ್ಲಿ ಉಳಿದಿರುವ ಜಾಗ 15ರಿಂದ 30 ಎಂಎಲ್. ಅಗಿಯದೆ ನುಂಗಿದ ಮುದ್ದೆ ತುತ್ತು ಅಲ್ಲಿ ಅಂಟಿಕೊಂಡು ಕೂತರೆ ಗಂಟೆಗಟ್ಟಲೆ ನರಳಬೇಕಾಗುತ್ತದೆ. ಮುದ್ದೆ ಬಿಡಿ. ರಾಗಿ ಬೇಕೇ ಬೇಕು ಅನ್ನುವವರು ರೊಟ್ಟಿಯನ್ನು ಚೂರು ಚೂರು ಮುರಿದು, ಬಸ್ಸಾರಿನ ಕಾಳು ಸೊಪ್ಪಿನ ಜೊತೆ ಚೆನ್ನಾಗಿ ಅಗಿದು ತಿನ್ನಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೆತ್ತಗಿದೆ ಅಂತ ಬೇಗ ಬೇಗ ತಿನ್ನುವವರಿಗೂ ಇದೇ ಮಾತು. ಊಟದ ಮಧ್ಯೆ ನೀರು, ಮಜ್ಜಿಗೆ ಕುಡಿಯಬೇಡಿ, ಊಟವಾದ ಮೇಲೂ ಅರ್ಧ ಗಂಟೆ ಬಿಡಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತದೆ, ಆದ್ದರಿಂದ ತಟ್ಟೆಯಲ್ಲಿ ಮೊದಲು ಮೊಟ್ಟೆ, ಕಾಳು, ಪನೀರ್, ಮೀನು, ಅನ್ನ ಕೊನೆಗೆ. ಪ್ರೋಟೀನ್ ಇಲ್ಲದೆ ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗಿರುತ್ತದೆ.

ಕೊನೆಯದಾಗಿ, ಫಾಲೋಅಪ್ ತಪ್ಪಿಸಬೇಡಿ. ಪಾವಗಡದಿಂದಲೋ ಶಿರಾದಿಂದಲೋ ಬೆಂಗಳೂರಿಗೆ ಹೋಗಿ ಬರುವುದಕ್ಕೆ ಒಂದು ದಿನದ ಕೆಲಸ ಕೆಡುತ್ತದೆ, ಅದು ನನಗೂ ಗೊತ್ತು. ಆದರೆ ಅಳತೆ ನೋಡಿಸದ ಬ್ಯಾಂಡ್ ಹೊಟ್ಟೆಯಲ್ಲಿ ಇದ್ದೂ ಇಲ್ಲದಂತೆ.

ಪ್ರಶ್ನೆ: ಹಾಗಾದರೆ ಈಗ ಹೊಸದಾಗಿ ಬ್ಯಾಂಡ್ ಹಾಕಿಸಬಹುದಾ? (ಗುಬ್ಬಿ)

ಉತ್ತರ: ನಾನಂತೂ ಹೇಳುವುದಿಲ್ಲ. ಹೀಗೆ ಬಿಗಿ, ಸಡಿಲ ಮಾಡಬಹುದಾದ ಬ್ಯಾಂಡನ್ನು ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ) ಹಾಕುವುದು ಬೆಲ್ಜಿಯಂನಲ್ಲಿ 1993ರಲ್ಲಿ ಶುರುವಾಯಿತು, ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು, ಒಂದಷ್ಟು ವರ್ಷ ಎಲ್ಲರೂ ಅದನ್ನೇ ಹಾಕಿದರು. ಆಮೇಲೆ ಬ್ಯಾಂಡ್ ಜಾರುವುದು, ಜಠರದ ಗೋಡೆ ಕೊರೆದು ಒಳಗೆ ಬರುವುದು, ಪೋರ್ಟ್ ಕೆಡುವುದು ಅಂತ ಎಷ್ಟೋ ಜನ ಮತ್ತೆ ಆಪರೇಷನ್ ಟೇಬಲ್‌ಗೆ ಬಂದರು. ಈಗ ನಮ್ಮಲ್ಲಿ ಸ್ಲೀವ್, ಬೈಪಾಸ್‌ಗಳೇ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್, ಹೃದಯದ್ದಲ್ಲ) ಹೆಚ್ಚು. ಆಗಲೇ ಹಾಕಿಸಿಕೊಂಡು ತೊಂದರೆ ಇಲ್ಲದೆ ಇರುವವರು ಗಾಬರಿಯಿಂದ ತೆಗೆಸುವುದೂ ಬೇಡ. ತೆಗೆಸಿದರೆ ಹೆಚ್ಚಿನವರಿಗೆ ತೂಕ ವಾಪಸ್ ಬರುತ್ತದೆ.

ಪ್ರಶ್ನೆ: ಬ್ಯಾಂಡ್, ಬಲೂನ್ ಎರಡೂ ಒಂದೇನಾ?

ಉತ್ತರ: ಅಲ್ಲ. ಬಲೂನನ್ನು ಜಠರದ ಒಳಗೆ ಬಿಡುತ್ತಾರೆ, ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯಲೇಬೇಕು.

ಪ್ರಶ್ನೆ: ಬ್ಯಾಂಡ್ ಜೊತೆಗೆ ಕೊಬ್ಬು ಕರಗಿಸುವ ಟೀ ಕುಡಿದರೆ ಬೇಗ ಇಳಿಯುತ್ತಾ?

ಉತ್ತರ: ಇಲ್ಲ. ಅಂಥ ಎಷ್ಟೋ ಪುಡಿಗಳಲ್ಲಿ ಇರುವುದು ಸೋನಾಮುಖಿ. ಅದು ಭೇದಿ ಮಾಡಿಸುತ್ತದೆ. ಹೋಗುವುದು ನೀರು, ಕೊಬ್ಬಲ್ಲ.

ಪ್ರಶ್ನೆ: ಊಟ ಸಿಕ್ಕಿಕೊಂಡಾಗ ಬಟ್ಟಿ ಬಿದ್ದಿದೆ ಅಂತ ಹೊಟ್ಟೆ ತೀಡಿಸಿದೆವು. ಪರವಾಗಿಲ್ವಾ?

ಉತ್ತರ: ದಯವಿಟ್ಟು ಇನ್ನೊಮ್ಮೆ ಮಾಡಿಸಬೇಡಿ. ಒಳಗೆ ಪೋರ್ಟ್ ಇದೆ, ಟ್ಯೂಬ್ ಇದೆ, ಬ್ಯಾಂಡ್ ಇದೆ. ಬ್ಯಾಂಡ್ ಇದೆ ಅಂತ ಗೊತ್ತಿದ್ದೂ ಹೊಟ್ಟೆ ಹಿಸುಕುವವರು ವೈದ್ಯರಲ್ಲ.

ಪ್ರಶ್ನೆ: ತೂಕ ಇಳಿಯುತ್ತಿದೆ, ಸಕ್ಕರೆ ಮಾತ್ರೆ ನಿಲ್ಲಿಸಲಾ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಊಟ ಕಡಿಮೆಯಾದ ಮೇಲೂ ಡಾಕ್ಟರನ್ನು ಕೇಳದೆ ಹಳೇ ಡೋಸನ್ನೇ ಮುಂದುವರಿಸುತ್ತಾ ಹೋಗುವುದೂ ಬೇಡ, ಸಕ್ಕರೆ ತೀರಾ ಇಳಿದು ಬೀಳಬಹುದು. ಈ ವಾರವೇ ನಿಮ್ಮ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಮೂರು ವಾರದಿಂದ ವಾಂತಿ. ರಾತ್ರಿ ಹುಳಿ ನೀರು ಬಾಯಿಗೆ ಬಂದು ಕೆಮ್ಮು. ಈಗ ನೀರೂ ಸರಿಯಾಗಿ ಇಳಿಯುತ್ತಿಲ್ಲ. ಏನು ಪಥ್ಯ ಮಾಡಲಿ? (ಮಧುಗಿರಿ)

ಉತ್ತರ: ಇದು ಪತ್ರ ಬರೆದು ಕಾಯುವ ವಿಷಯವೇ ಅಲ್ಲ, ಪಥ್ಯದ ವಿಷಯವೂ ಅಲ್ಲ. ಬ್ಯಾಂಡ್ ತುಂಬ ಬಿಗಿಯಾಗಿರಬಹುದು ಅಥವಾ ಜಾರಿರಬಹುದು. ಇವತ್ತೇ ಹೊರಡಿ. ಪೋರ್ಟ್‌ನಿಂದ ಸಲೈನ್ ತೆಗೆಯುವುದು ಸೂಜಿ ಹಾಕಿ ಕೆಲವೇ ನಿಮಿಷದಲ್ಲಿ ಮಾಡುವ ಕೆಲಸ, ಬ್ಯಾಂಡ್ ಹಾಕಿದ ಡಾಕ್ಟರೇ ಸಿಗಬೇಕು ಅಂತ ಕಾಯಬೇಡಿ, ಬೊಜ್ಜಿನ ಆಪರೇಷನ್ ಮಾಡುವ ಯಾವ ಸರ್ಜನ್ ಆದರೂ ಸರಿ. ದಾರಿಯಲ್ಲಿ ಯಾವುದಾದರೂ ನರ್ಸಿಂಗ್ ಹೋಮ್‌ನಲ್ಲಿ ಡ್ರಿಪ್ ಹಾಕಲು ಬಂದರೆ, ಹೊಟ್ಟೆಯಲ್ಲಿ ಬ್ಯಾಂಡ್ ಇದೆ, ಮೂರು ವಾರದಿಂದ ವಾಂತಿ ಇದೆ ಅಂತ ಮೊದಲು ಹೇಳಿ. ಇಷ್ಟು ದಿನ ವಾಂತಿಯಾದವರಲ್ಲಿ ವಿಟಮಿನ್ ಬಿ1 (ಥಯಾಮಿನ್) ಬರಿದಾಗಿರಬಹುದು, ಆಗ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ.