ಹಳೇ ಫೋಟೋದಲ್ಲಿರುವವರೆಲ್ಲ ಸರೋಜಾದೇವಿಯಲ್ಲ

ಹಳೇ ಕನ್ನಡ ಸಿನಿಮಾದ ಪದ್ಯಪುಸ್ತಕ (ಸಿನಿಮಾದ ಹಾಡು, ಕಥಾ ಸಾರಾಂಶ ಅಚ್ಚು ಹಾಕಿ ಮಾರುತ್ತಿದ್ದ ಸಣ್ಣ ಪುಸ್ತಕ), ನೋಟೀಸು, ಫೋಟೋ ಕೂಡಿಸಿ ಇಡುವ ಕೆಲಸ ನಾನು ಶುರುಮಾಡಿ 40 ವರ್ಷ ದಾಟಿತು. ನಮ್ಮ ಕಾಸರಗೋಡು ಸೀಮೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲಿಯೋ ಒಂದು ಅಟ್ಟ ಗುಡಿಸಿದರೆ ನನಗೆ ಫೋನ್ ಬರುತ್ತದೆ. ಅದು ಸಂತೋಷವೇ. ಆದರೆ 2025ರ ಜುಲೈ 14ರಂದು ಬಿ. ಸರೋಜಾದೇವಿ ತೀರಿಕೊಂಡ ಮೇಲೆ ಸಿಕ್ಕ ಸಿಕ್ಕ ಕಪ್ಪು-ಬಿಳುಪು ಮುಖವೆಲ್ಲ ಅವರದ್ದೇ ಆಗಿಬಿಟ್ಟಿದೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ.

ಪ್ರಶ್ನೆ: ಮಾಷ್ಟ್ರೇ, ಪೈವಳಿಕೆಯ ನಮ್ಮ ಹಳೇ ಮನೆಯಲ್ಲಿ ಅಜ್ಜಿಯ ತಗಡಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಒಂದು ಸಿನಿಮಾ ಪದ್ಯಪುಸ್ತಕ ಇದೆ. ಮುಖಪುಟ ಅರ್ಧ ಹರಿದು ಸಿನಿಮಾದ ಹೆಸರು ಹೋಗಿದೆ. ಮೈತುಂಬ ಒಡವೆ ಹಾಕಿದ ನಟಿಯ ಚಿತ್ರ ಉಳಿದಿದೆ. ನನ್ನ ತಮ್ಮ ಫೋನಿನಲ್ಲಿ ಹುಡುಕಿ ಸರೋಜಾದೇವಿ ಅಂದ. ಅಜ್ಜಿ ಮಾತ್ರ ‘ಅಲ್ಲ, ಅದು ಬೆಳ್ತಂಗಡಿಯ ಹುಡುಗಿ’ ಅಂತಾರೆ. ಅವರಿಗೆ 84 ವರ್ಷ, ಸ್ವಲ್ಪ ಮರೆವು. ಯಾರ ಮಾತು ಸರಿ? ಪುಸ್ತಕ ಹಾಳಾಗದ ಹಾಗೆ ಲ್ಯಾಮಿನೇಷನ್ ಮಾಡಿಸಬಹುದಾ?

ಉತ್ತರ: ಅಜ್ಜಿಯ ಮಾತು ಸರಿ. ಬೆಳ್ತಂಗಡಿಯ ಹುಡುಗಿ ಅಂದರೆ ನಟಿ ಲೀಲಾವತಿ.

ನೀವು 5 ಚಿತ್ರ ಕಳಿಸಿದ್ದೀರಿ. ಅದರಲ್ಲಿ 4 ಬರೀ ಮುಖದ್ದು. ಅಕ್ಷರ ಇರುವುದು ಒಂದರಲ್ಲಿ ಮಾತ್ರ. ಎಲ್ಲರೂ ಮಾಡುವ ತಪ್ಪು ಇದೇ. ಮುಖ ಬಿಡಿ, ಅಕ್ಷರ ಓದಿ. ಆ ಕಾಲದ ಮೇಕಪ್ಪು, ಸ್ಟುಡಿಯೋ ಬೆಳಕು, ಅಚ್ಚಿನ ಮಸಿ ಎಲ್ಲ ಸೇರಿದಾಗ ಹತ್ತು ನಟಿಯರು ಒಂದೇ ಥರ ಕಾಣುತ್ತಾರೆ. ಫೋನು ಯಾರ ಚಿತ್ರ ಹೆಚ್ಚು ನೋಡಿದೆಯೋ ಅವರ ಹೆಸರನ್ನೇ ಹೇಳುತ್ತದೆ. ಅದನ್ನೇ ನಾಲ್ಕು ಗ್ರೂಪಿಗೆ ಕಳಿಸುತ್ತಾರೆ. ಇನ್ನು ಕೆಲವರು ಬಣ್ಣ ತುಂಬುವ ಆಪಿಗೆ ಹಾಕಿ ಕಣ್ಣು-ಮೂಗನ್ನೇ ಬದಲಾಯಿಸಿ ‘ಅಪರೂಪದ ಚಿತ್ರ’ ಅಂತ ಹಂಚುತ್ತಾರೆ. ಅಲ್ಲಿಗೆ ಒಬ್ಬ ನಟಿ ತನ್ನ ಹೆಸರನ್ನೂ ಕಳೆದುಕೊಂಡಳು, ಮುಖವನ್ನೂ ಕಳೆದುಕೊಂಡಳು. ನನಗೆ ಸಿಟ್ಟು ಬರುವುದು ಇಲ್ಲಿ.

ಈಗ ಆ ಒಂದು ಚಿತ್ರ ದೊಡ್ಡದು ಮಾಡಿ ನೋಡಿ. ಕೆಳಗಿನ ಮೂಲೆಯಲ್ಲಿ ಬೆಲೆ ಇದೆ: ‘15 ನ.ಪೈ.’ ಅಂದರೆ ನಯಾ ಪೈಸೆ. ನಮ್ಮಲ್ಲಿ ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ‘ನಯಾ’ ಬಿಟ್ಟು ಬರೀ ಪೈಸೆ ಆದದ್ದು 1964ರ ಜೂನ್ 1ಕ್ಕೆ. ಹಾಗಾಗಿ ನಿಮ್ಮ ಪುಸ್ತಕ ಈ 7 ವರ್ಷದ ಒಳಗಿನದು. ಬೆಲೆ ಆಣೆಯಲ್ಲಿದ್ದಿದ್ದರೆ ಅದಕ್ಕೂ ಹಿಂದಿನದು ಅಂತ ಹೇಳಬಹುದಿತ್ತು. ಹಾಡಿದವರ ಹೆಸರೂ ಸಹಾಯ ಮಾಡುತ್ತದೆ. ಎಸ್. ಜಾನಕಿ ಸಿನಿಮಾಕ್ಕೆ ಹಾಡಲು ಶುರುಮಾಡಿದ್ದೇ 1957ರಲ್ಲಿ. ಅವರ ಹೆಸರಿರುವ ಪುಸ್ತಕ ಅದಕ್ಕಿಂತ ಹಳೇದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಕಥಾ ಸಾರಾಂಶ. ಪುಟದ ಮೇಲರ್ಧ ಒರಲೆ ತಿಂದಿದೆ, ಆದರೂ ‘ಕಂಠೀರವ’ ಅನ್ನುವ ಹೆಸರು ಎರಡು ಸಲ ಕಾಣುತ್ತದೆ. ಸಂಗೀತ ಜಿ.ಕೆ. ವೆಂಕಟೇಶ್ ಅಂತಿದೆ. ಮೈಸೂರಿನ ದೊರೆಯ ಕಥೆ ಹೇಳುವ ‘ರಣಧೀರ ಕಂಠೀರವ’ ಇದು, 1960ರದ್ದು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕಲಾವಿದರ ಸಂಘ ಕಟ್ಟಿ ತಾವೇ ತೆಗೆದ ಚಿತ್ರ. ತಾರಾಗಣದಲ್ಲಿ ರಾಜಕುಮಾರ್ ಹೆಸರಿನ ಕೆಳಗೆ ‘ಲೀಲಾ’ ಅಂತ ಉಳಿದಿದೆ, ಮುಂದಿನದು ಹರಿದಿದೆ. ಇನ್ನೇನು ಸಾಕ್ಷಿ ಬೇಕು?

ಸರೋಜಾದೇವಿ ದೊಡ್ಡ ನಟಿ. ಅದರಲ್ಲಿ ಎರಡು ಮಾತಿಲ್ಲ. 1955ರ ‘ಮಹಾಕವಿ ಕಾಳಿದಾಸ’ದಿಂದ ಶುರುಮಾಡಿ ತಮಿಳು, ತೆಲುಗು, ಹಿಂದಿಯಲ್ಲೂ ಹೆಸರು ಮಾಡಿದವರು. 1961ರ ಕಿತ್ತೂರು ಚೆನ್ನಮ್ಮ ಅವರೇ. ಆದರೆ ಅವರ ಹೆಸರನ್ನು ಎಲ್ಲರ ಮುಖಕ್ಕೂ ಅಂಟಿಸಿದರೆ ಅವರಿಗೇನೂ ಮರ್ಯಾದೆ ಕೊಟ್ಟ ಹಾಗಾಗುವುದಿಲ್ಲ.

ಅಜ್ಜಿ ಯಾಕೆ ಮರೆತಿಲ್ಲ ಗೊತ್ತಾ? ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯಿತು. ಆಮೇಲೆ ನಮ್ಮ ಟಾಕೀಸುಗಳಲ್ಲಿ ಮಲಯಾಳ ಸಿನಿಮಾವೇ ಜಾಸ್ತಿ. ಕನ್ನಡದ್ದು ಬಂದರೆ ಹಬ್ಬ, ಇಲ್ಲದಿದ್ದರೆ ರೈಲು ಹತ್ತಿ ಮಂಗಳೂರಿಗೆ ಹೋಗಬೇಕು. ಅಂಥಾದ್ದರಲ್ಲಿ ನಮ್ಮದೇ ಸೀಮೆಯ ಹುಡುಗಿ ತೆರೆಯ ಮೇಲೆ ರಾಜಕುಮಾರ್ ಪಕ್ಕ ನಿಂತರೆ ಹೆಂಗಸರು ಮರೆಯುತ್ತಾರಾ? ನನ್ನ ಅಮ್ಮನೂ ಲೀಲಾವತಿಯ ಹೆಸರನ್ನು ನೆಂಟರ ಮಗಳ ಹೆಸರಿನ ಹಾಗೆ ಹೇಳುತ್ತಿದ್ದರು.

ಲ್ಯಾಮಿನೇಷನ್ ಖಂಡಿತ ಬೇಡ. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ಅಮ್ಮನ ಒಂದು ಪದ್ಯಪುಸ್ತಕವನ್ನು ಅಂಗಡಿಯಲ್ಲಿ ಹೀಗೇ ಮಾಡಿಸಿದ್ದೆ. ಬಿಸಿ ರೋಲರಿನಲ್ಲಿ ಪುಟ ಸುಕ್ಕಾಯಿತು. ಕಾಗದದಲ್ಲಿದ್ದ ಪಸೆ ಪ್ಲಾಸ್ಟಿಕ್ಕಿನ ಒಳಗೇ ಉಳಿಯಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಡೆ ಕಪ್ಪು ಬೂಸು. ಪ್ಲಾಸ್ಟಿಕ್ ಕಿತ್ತರೆ ಕಾಗದವೂ ಕಿತ್ತು ಬರುತ್ತದೆ. ಸೆಲ್ಲೋಟೇಪೂ ಬೇಡ, ಅದರ ಅಂಟು ಹಳದಿಯಾಗಿ ಅಕ್ಷರ ನುಂಗುತ್ತದೆ. ಪೌಡರು, ಸ್ಪಿರಿಟ್ಟು ಹಾಕಿ ಫೋಟೋ ಹೊಸದು ಮಾಡಿಕೊಡುತ್ತೇನೆ ಅಂತ ಬರುವವರನ್ನು ಅಂಗಳದಿಂದಲೇ ಕಳಿಸಿ.

ತುಕ್ಕು ಹಿಡಿದ ಪಿನ್ನನ್ನು ಉಗುರಿನಿಂದ ಮೆಲ್ಲ ಬಿಡಿಸಿ ತೆಗೆಯಿರಿ. ಜೋರು ಬಿಸಿಲಿಗೆ ಇಡಬೇಡಿ, ಒಣ ಹವೆಯ ದಿನ ನೆರಳಿನಲ್ಲಿ ಆರಲಿ. ಆಮೇಲೆ ತೊಳೆದು ಒಣಗಿಸಿದ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿಡಿ. ಗೋಡೆಗೆ ತಾಗಬಾರದು. ನುಸಿಗುಳಿಗೆ ಕಾಗದಕ್ಕೆ ತಾಗಬಾರದು. ಪ್ರತಿ ಪುಟವನ್ನೂ ಫ್ಲಾಶ್ ಇಲ್ಲದೆ ಫೋಟೋ ತೆಗೆದಿಟ್ಟುಕೊಳ್ಳಿ, ಜಾಹೀರಾತಿನ ಪುಟವನ್ನೂ ಬಿಡಬೇಡಿ.

ಇನ್ನೊಂದು ಸಂಗತಿ ನೀವು ಗಮನಿಸಿಲ್ಲ. ಅದೇ ಚಿತ್ರದಲ್ಲಿ ಎರಡು ಹಾಡಿನ ಪಕ್ಕ ಪೆನ್ಸಿಲಿನ ಗುರುತು ಇದೆ. ಒಂದರ ಕೆಳಗೆ ಸಾಲು ತಪ್ಪಿದೆ ಅಂತಲೋ ಏನೋ ಸಣ್ಣ ತಿದ್ದುಪಡಿಯೂ ಇದೆ. ಇದು ಬಾಯಿಪಾಠ ಮಾಡಿದವರ ಕೈ. ಪುಸ್ತಕವನ್ನು ಅಜ್ಜಿಯ ಕೈಗೆ ಕೊಡಿ. ಆ ಹಾಡು ಬರುತ್ತದಾ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾರ ಜೊತೆ ಹೋಗಿದ್ದರು, ಯಾವ ಟಾಕೀಸು, ಮನೆಯಲ್ಲಿ ಏನು ಹೇಳಿ ಹೊರಟಿದ್ದರು, ಎಲ್ಲ ಕೇಳಿ. ಮರೆವು ಇದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಓಣಂ ರಜೆಗೆ ಕಾಯಬೇಡಿ, ಈ ವಾರವೇ ಹೋಗಿ.

ಪ್ರಶ್ನೆ: ಪಂಡರಿಬಾಯಿ ಬರೀ ತಾಯಿ ಪಾತ್ರ ಮಾಡಿದವರಲ್ವಾ? ಅವರನ್ನು ನಾಯಕಿ ಅಂತ ಯಾಕೆ ಬರೆಯುತ್ತೀರಿ?

ಉತ್ತರ: ನಾಯಕಿ ಆಗಿದ್ದರು, ಅದಕ್ಕೇ ಬರೆಯುತ್ತೇನೆ. ಭಟ್ಕಳದವರು. ಹರಿಕಥೆ ಮಾಡುತ್ತಿದ್ದವರು. 1952ರಲ್ಲಿ ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ‘ಪರಾಶಕ್ತಿ’ಯಲ್ಲಿ ಅವರ ಜೊತೆಗಿದ್ದದ್ದು ಪಂಡರಿಬಾಯಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಮೊದಲ ಸಲ ನಾಯಕನಾದಾಗ ಹೆಂಡತಿಯ ಪಾತ್ರ ಅವರದ್ದೇ. 1986ರ ‘ಅನುರಾಗ ಅರಳಿತು’ ನೋಡಿ. ರಾಜಕುಮಾರ್ ಇನ್ನೂ ನಾಯಕ, ಪಂಡರಿಬಾಯಿ ಅವರ ತಾಯಿ. ಇಬ್ಬರೂ ಹೆಚ್ಚುಕಡಿಮೆ ಓರಗೆಯವರು. 32 ವರ್ಷದಲ್ಲಿ ವಯಸ್ಸಾದದ್ದು ನಟಿಗೆ ಮಾತ್ರವಾ? ಲೀಲಾವತಿಯವರಿಗೂ ಹೀಗೇ ಆಯಿತು. ತಪ್ಪು ಅವರದ್ದಲ್ಲ. ತಾಯಿಯ ಪಾತ್ರವನ್ನೂ ಅವರು ಚೆನ್ನಾಗಿಯೇ ಮಾಡಿದರು, ಅದು ಬೇರೆ ಮಾತು.

ಪ್ರಶ್ನೆ: ನಟಿ ಕಲ್ಪನಾ ಸಾವಿನ ನಿಜವಾದ ಗುಟ್ಟೇನು?

ಉತ್ತರ: ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಎಷ್ಟು ಸಲ ಕೇಳಿದರೂ. 1979ರ ಮೇ 13ರಂದು ತೀರಿಕೊಂಡರು, 36 ತುಂಬಿರಲಿಲ್ಲ. ಅಷ್ಟು ಸಾಕು. ಅದರ ಮೇಲೆ ಕಥೆ ಕಟ್ಟಿ ವಿಡಿಯೋ ಮಾಡುವವರು ‘ಬೆಳ್ಳಿಮೋಡ’ದ ಇಂದಿರೆಯನ್ನಾಗಲಿ ‘ಶರಪಂಜರ’ದ ಕಾವೇರಿಯನ್ನಾಗಲಿ ಒಂದು ಸಲವೂ ಕೂತು ನೋಡಿರುವುದಿಲ್ಲ. ನೀವು ನೋಡಿ, ಆಮೇಲೆ ಆ ಪಾತ್ರಗಳ ಬಗ್ಗೆ ಕೇಳಿ. ಗಂಟೆಗಟ್ಟಲೆ ಮಾತಾಡುತ್ತೇನೆ.

ಪ್ರಶ್ನೆ: ‘ಸತಿ ಸುಲೋಚನಾ’ ಪೂರ್ತಿ ಸಿನಿಮಾ ಪೆನ್ ಡ್ರೈವಿನಲ್ಲಿ ಕೊಡುತ್ತೇವೆ ಅಂತಾರೆ. ತೆಗೆದುಕೊಳ್ಳಲಾ?

ಉತ್ತರ: ಮೋಸ. 1934ರ ಆ ಮೊದಲ ಕನ್ನಡ ಟಾಕಿಯ ಚಿತ್ರೀಕರಣ ಆದದ್ದು ಕೊಲ್ಹಾಪುರದಲ್ಲಿ. ಸುಲೋಚನೆಯಾಗಿದ್ದವರು ತ್ರಿಪುರಾಂಬ. ಅದರ ಪ್ರಿಂಟು ಉಳಿದಿಲ್ಲ.

ಪ್ರಶ್ನೆ: ಆ ಕಾಲದ ನಟಿಯರಲ್ಲಿ ಎಲ್ಲರಿಗಿಂತ ಚೆಂದ ಯಾರು?

ಉತ್ತರ: ಕೆಲಸದ ಪ್ರಶ್ನೆ ಕೇಳಿ.

ಪ್ರಶ್ನೆ: ಹಳೇ ಪದ್ಯಪುಸ್ತಕಗಳಿಗೆ ಒಳ್ಳೇ ಬೆಲೆ ಎಲ್ಲಿ ಸಿಗುತ್ತದೆ?

ಉತ್ತರ: ಬೆಲೆ ನಾನು ಹೇಳುವುದಿಲ್ಲ. ಮಾರುವುದೇ ಆದರೆ ಮೊದಲು ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ಅದು ಯಾರ ಪುಸ್ತಕವಾಗಿತ್ತು ಅಂತ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಬಾಲ್ ಪೆನ್ ಬೇಡ.