ಸ್ಟ್ರಿಂಗ್ (ಅಕ್ಷರಗಳ ಸಾಲು) ನಕಲು ಮಾಡುವ ಸ್ಟ್ರ್‌ಎನ್‌ಕಾಪಿ ಫಂಕ್ಷನ್ ತೆಗೆದು ಅದರ ಬದಲು ಸ್ಟ್ರ್‌ಎಸ್‌ಕಾಪಿ ಹಾಕಿದ, ಲಿನಕ್ಸ್ ಕರ್ನಲ್‌ನ ಒಂದೇ ಸಾಲಿನ ಪ್ಯಾಚ್ (ಕೋಡ್ ಬದಲಾವಣೆ). ಒಪ್ಪಿಗೆ ಕೊಡಲಾ, ಇಲ್ಲ ಸ್ಟ್ರ್‌ಎಲ್‌ಕಾಪಿ ಹಾಕಿ ಅನ್ನಲಾ?

"ಒಂದೇ ಸಾಲು, ಕಂಪೈಲ್ ಆಗಿದೆ, ಪ್ಯಾಚ್ ಪರೀಕ್ಷಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಕೂಡ ಏನೂ ಅಂದಿಲ್ಲ" ಅಂತ ಬರೆದಿದ್ದೀರಲ್ಲ, ನಾನೂ ಹಿಂದೊಮ್ಮೆ ಇಷ್ಟೇ ನೋಡಿ ರಿವ್ಯೂಡ್-ಬೈ, ಅಂದರೆ ಪರಿಶೀಲಿಸಿ ಒಪ್ಪಿದ್ದೇನೆ ಅನ್ನುವ ಗುರುತು, ಕೊಟ್ಟಿದ್ದೆ.

ಆಗ ನಾನಿದ್ದ ಕಂಪನಿಯಲ್ಲಿ ನಮ್ಮದೇ ಒಂದು ಲಿನಕ್ಸ್ ಡ್ರೈವರ್ ಇತ್ತು. ಯಾವುದಾದರೂ ಪ್ರೋಗ್ರಾಂ ಕೇಳಿದರೆ ಅದು ಡಿವೈಸ್‌ನ ಹೆಸರನ್ನು ಒಂದು ಸ್ಟ್ರಕ್ಟ್‌ನ (ಹಲವು ಮಾಹಿತಿಗಳನ್ನು ಒಟ್ಟಿಗೆ ಇಡುವ ರಚನೆ) 32 ಬೈಟ್‌ನ ಜಾಗಕ್ಕೆ ತುಂಬಿ, ಆ ಸ್ಟ್ರಕ್ಟನ್ನು ಇಡಿಯಾಗಿ ಕಾಪಿ_ಟು_ಯೂಸರ್ ಅನ್ನುವ, ಕರ್ನಲ್‌ನಿಂದ ಪ್ರೋಗ್ರಾಂಗೆ ನಕಲಿಸುವ ಫಂಕ್ಷನ್‌ನಿಂದ ಹೊರಗೆ ಕೊಡುತ್ತಿತ್ತು. ಪ್ಯಾಚ್ ನಿಮ್ಮದರ ಹಾಗೇ ಇತ್ತು.

ನಾನು ಎಡವಿದ್ದು ಇಲ್ಲಿ. ಸ್ಟ್ರ್‌ಎನ್‌ಕಾಪಿಯ ಕೆಟ್ಟ ಗುಣ ಎಲ್ಲರಿಗೂ ಗೊತ್ತು: ಸ್ಟ್ರಿಂಗ್ ಉದ್ದವಾದರೆ ಕೊನೆಯ ಸೊನ್ನೆ ಬೈಟ್ ಹಾಕುವುದಿಲ್ಲ. ಅದರ ಇನ್ನೊಂದು ಗುಣ ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ. ಸ್ಟ್ರಿಂಗ್ ಚಿಕ್ಕದಿದ್ದರೆ ಉಳಿದ ಜಾಗವನ್ನೆಲ್ಲ ಅದು ಸೊನ್ನೆಯಿಂದ ತುಂಬುತ್ತದೆ. ಸ್ಟ್ರ್‌ಎಸ್‌ಕಾಪಿ ಹಾಗೆ ತುಂಬುವುದಿಲ್ಲ, ಸ್ಟ್ರಿಂಗ್ ಮುಗಿದರೆ ಅದರ ಕೆಲಸವೂ ಮುಗಿಯಿತು. ನಮ್ಮ ಹೆಸರು 4 ಅಕ್ಷರ, ಸೊನ್ನೆ ಸೇರಿ 5 ಬೈಟ್. ಸ್ಟ್ರಕ್ಟ್ ಇದ್ದದ್ದು ಸ್ಟ್ಯಾಕ್ ಮೇಲೆ (ಹಳೆಯ ಮಾಹಿತಿ ಉಳಿದಿರಬಹುದಾದ ತಾತ್ಕಾಲಿಕ ಮೆಮೊರಿ), ಯಾರೂ ಅದನ್ನು ಮೊದಲೇ ಸೊನ್ನೆ ಮಾಡಿರಲಿಲ್ಲ, ಅಂದರೆ ಅಷ್ಟು ದಿನ ನಮ್ಮನ್ನು ಕಾಪಾಡುತ್ತಿದ್ದದ್ದು ನಾವು ಬೈದುಕೊಂಡು ತೆಗೆದುಹಾಕಿದ ಆ ಸ್ಟ್ರ್‌ಎನ್‌ಕಾಪಿಯೇ.

ನಾಲ್ಕು ತಿಂಗಳ ಮೇಲೆ ಟೆಸ್ಟಿಂಗ್ ತಂಡದವರೊಬ್ಬರು ಬೇರೇನೋ ಹುಡುಕುತ್ತಾ ಹೆಕ್ಸ್‌ಡಂಪ್ (ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಪಟ್ಟಿ) ತೆಗೆದರು. ಹೆಸರಿನ ಜಾಗದ ಕೊನೆಯ 24 ಬೈಟ್‌ನಲ್ಲಿ ಎಫ್‌ಎಫ್‌ಎಫ್‌ಎಫ್ ಅಂತ ಶುರುವಾಗುವ ಕರ್ನಲ್ ವಿಳಾಸಗಳು ಕಂಡವು. ಬೂಟ್ ಆದಾಗಲೆಲ್ಲ ಕರ್ನಲ್ ಕೂರುವ ವಿಳಾಸ ಬದಲಾಯಿಸಿ ಮುಚ್ಚಿಡುವುದೇ ಕೆಎಎಸ್‌ಎಲ್‌ಆರ್, ಆ ವಿಳಾಸವನ್ನೇ ನಾವು ಕೇಳಿದವರಿಗೆಲ್ಲ ಕೊಡುತ್ತಿದ್ದೆವು. ಅಷ್ಟರಲ್ಲಿ ಆ ಬಿಲ್ಡ್ ಗ್ರಾಹಕರ ಕೈಗೂ ಹೋಗಿತ್ತು. ಎಲ್ಲರಿಗೂ ಹೊಸ ಬಿಲ್ಡ್ ಕಳಿಸಿ, ಏನು ಸೋರಿತು ಅಂತ ಒಬ್ಬೊಬ್ಬರಿಗೂ ವಿವರಿಸಬೇಕಾಯಿತು. ಆ ಪ್ಯಾಚ್ ಬರೆದ ಹುಡುಗ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಅವನನ್ನು ಯಾರೂ ಬೈಯಬಾರದು ಅಂತ ನಾನೇ ಮೀಟಿಂಗ್‌ನಲ್ಲಿ ಹೇಳಿದೆ. ಹಿಡಿಯಬೇಕಾಗಿದ್ದವನು ನಾನು, ಅಲ್ವಾ?

ಹಾಗಾಗಿ ಯಾವ ಫಂಕ್ಷನ್ ಒಳ್ಳೆಯದು ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸ್ಟ್ರ್‌ಎಲ್‌ಕಾಪಿ ಮಾತು ಬಿಡಿ, 2024ರಲ್ಲಿ 6.8ನೇ ಆವೃತ್ತಿಯಿಂದ ಅದನ್ನು ಕರ್ನಲ್‌ನಿಂದಲೇ ತೆಗೆದಿದ್ದಾರೆ. ಡಿಫ್‌ನ (ಪ್ಯಾಚ್ ಏನು ಬದಲಿಸಿದೆ ಅಂತ ತೋರಿಸುವ ಪಟ್ಟಿ) ಆ ಸಾಲನ್ನು ಎಷ್ಟು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಫೈಲ್ ತೆರೆದು ಆ ಬಫರ್ ಎಲ್ಲಿ ಹುಟ್ಟಿತು, ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಕೊನೆಯವರೆಗೂ ಹಿಂಬಾಲಿಸಿ. ಯೂಸರ್ ಕಡೆಗೆ ಹೋಗುತ್ತಿದ್ದು ಮೊದಲೇ ಸೊನ್ನೆಯಾಗಿಲ್ಲ ಅಂದರೆ ಉಳಿದ ಜಾಗವನ್ನೂ ಸೊನ್ನೆಯಿಂದ ತುಂಬುವ ಸ್ಟ್ರ್‌ಎಸ್‌ಕಾಪಿ_ಪ್ಯಾಡ್ ಬೇಕು. ಡಿಸ್ಕ್ ಮುಂತಾದವನ್ನು ಜೋಡಿಸುವ ಸ್ಕಸಿ ಮಾನದಂಡದ 8 ಬೈಟ್‌ನ ವೆಂಡರ್ ಹೆಸರಿನ ಥರ ಕೊನೆಯಲ್ಲಿ ಸೊನ್ನೆಯೇ ಇಲ್ಲದ ಜಾಗ ಆದರೆ ಸ್ಟ್ರ್‌ಎಸ್‌ಕಾಪಿ ಕೊನೆಗೆ ಸೊನ್ನೆ ಹಾಕಲೇಬೇಕು ಅಂತ ಎಂಟನೇ ಅಕ್ಷರವನ್ನು ನುಂಗಿಬಿಡುತ್ತದೆ, ಅಲ್ಲಿ ಅದು ಬೇಡವೇ ಬೇಡ.

ಇವತ್ತು ಒಪ್ಪಿಗೆ ಕೊಡಬೇಡಿ. ಉಳಿದ ಬೈಟ್‌ಗಳನ್ನು ಯಾರು ಸೊನ್ನೆ ಮಾಡುತ್ತಾರೆ ಅಂತ ಕಮಿಟ್ ಮೆಸೇಜ್‌ನಲ್ಲಿ (ಪ್ಯಾಚ್ ಜೊತೆ ಬರುವ ವಿವರಣೆ) ಬರೆದು ಪ್ಯಾಚ್‌ನ ಎರಡನೇ ಆವೃತ್ತಿ ಕಳಿಸಿ ಅಂತ ಕೇಳಿ.