25:70 ಅಂತ ಹಾಕಿದರೂ ಎರರ್ ಬರದೆ 02:10 ಅಂತ ಸೇವ್ ಆಗುತ್ತಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕ್ಲಿನಿಕ್ ಒಂದಕ್ಕೆ ಅಪಾಯಿಂಟ್‌ಮೆಂಟ್ ಫಾರ್ಮ್ ಮಾಡುತ್ತಿದ್ದೀರಿ. ಸಮಯದ ಬಾಕ್ಸ್‌ನಲ್ಲಿ 25:70 ಅಂತ ಟೈಪ್ ಮಾಡಿದರೆ ಮರುದಿನದ 02:10 ಅಂತ ಸೇವ್ ಆಗುತ್ತಿದೆ. ಜಾವಾಸ್ಕ್ರಿಪ್ಟ್ ಕೋಡ್‌ನಲ್ಲಿ ಕೋಲನ್ ಹತ್ತಿರ ಒಡೆದು, ಎರಡೂ ತುಂಡನ್ನು ಪಾರ್ಸ್‌ಇಂಟ್‌ಗೆ (ಅಕ್ಷರಗಳಿಂದ ಸಂಖ್ಯೆ ಓದುವ ಫಂಕ್ಷನ್) ಹಾಕಿ, ಆ ಅಂಕಿಗಳನ್ನು ಡೇಟ್ ಆಬ್ಜೆಕ್ಟ್‌ನಲ್ಲಿ ಗಂಟೆ, ನಿಮಿಷ ಕೂರಿಸುವ ಸೆಟ್‌ಅವರ್ಸ್‌ಗೆ ಕೊಟ್ಟಿದ್ದೀರಿ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ (Node.js), ಡೇಟಾಬೇಸ್ ಮೈಎಸ್‌ಕ್ಯೂಎಲ್. ಇದನ್ನು ತಡೆಯಲು ಒಂದು ರೆಗೆಕ್ಸ್, ಅಂದರೆ ಟೈಪ್ ಮಾಡಿದ್ದರ ರೂಪ ಸರಿಯಿದೆಯಾ ಅಂತ ನೋಡುವ ಮಾದರಿ, ಕೇಳಿದ್ದೀರಿ.

ರೆಗೆಕ್ಸ್ ಕೊಡುತ್ತೇನೆ. ಆದರೆ ಅದಕ್ಕಿಂತ ಮೊದಲು ಈ 02:10 ಎಲ್ಲಿಂದ ಬಂತು ನೋಡಿ. ಸೆಟ್‌ಅವರ್ಸ್‌ಗೆ 70 ನಿಮಿಷ ಅಂದರೆ ಒಂದು ಗಂಟೆ ಹತ್ತು ನಿಮಿಷ. 25ಕ್ಕೆ ಒಂದು ಸೇರಿಸಿದರೆ 26. ಅದರಲ್ಲಿ 24 ಕಳೆದರೆ ಮರುದಿನದ 2 ಗಂಟೆ. ಇದು ಬಗ್ ಅಲ್ಲ. "ಈಗಿನಿಂದ 90 ನಿಮಿಷದ ನಂತರ" ಅನ್ನುವಂಥ ಲೆಕ್ಕಕ್ಕೆ ಇದೇ ಬೇಕು. ಆದ್ದರಿಂದ ಡೇಟ್ ಆಬ್ಜೆಕ್ಟನ್ನು ಲೆಕ್ಕಕ್ಕೆ ಬಳಸಿ, ಪರೀಕ್ಷೆಗೆ ಬಳಸಬೇಡಿ.

ಪಾರ್ಸ್‌ಇಂಟ್ ಇನ್ನೂ ಅಪಾಯ. ಅದು ಅಂಕಿ ಸಿಗುವಷ್ಟು ದೂರ ಓದಿ, ಉಳಿದದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ. 10:30 ಬರೆಯುವಾಗ ಸೊನ್ನೆಯ ಜಾಗದಲ್ಲಿ ಕೈತಪ್ಪಿ ಇಂಗ್ಲಿಷಿನ ಓ ಅಕ್ಷರ ಬಿದ್ದಿದೆ ಅಂದುಕೊಳ್ಳಿ. ಪಾರ್ಸ್‌ಇಂಟ್‌ಗೆ ಸಿಗುವುದು ಬರೀ 1. ಹತ್ತೂವರೆ ಹೋಗಿ ಒಂದೂವರೆ ಆಯಿತು, ಅದೂ ಎರರ್ ಇಲ್ಲದೆ. 25:70 ಆದರೂ ಬಾಕ್ಸ್‌ನಲ್ಲಿ ನೋಡಿದ ಕೂಡಲೇ ಕಣ್ಣಿಗೆ ಬೀಳುತ್ತದೆ. 1:30 ಯಾರ ಕಣ್ಣಿಗೂ ಬೀಳುವುದಿಲ್ಲ. ವಯಸ್ಸಾದ ರೋಗಿಯೊಬ್ಬರು ಹತ್ತೂವರೆಗೆ ಬಂದು ಮೂರು ಗಂಟೆ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ತಪ್ಪು ಸಮಯವನ್ನು ಬೇಡ ಅಂದರೆ ಬಳಕೆದಾರ ಇನ್ನೊಮ್ಮೆ ಟೈಪ್ ಮಾಡುತ್ತಾನೆ, ಅಷ್ಟೇ. ಒಪ್ಪಿಕೊಂಡುಬಿಟ್ಟರೆ ಒಬ್ಬರ ಅರ್ಧ ದಿನ ಹೋಗುತ್ತದೆ. ಹಾಗಾಗಿ ಅನುಮಾನ ಬಂದಾಗ ಕೋಡ್ ಊಹೆ ಮಾಡಬಾರದು, ಕೇಳಬೇಕು.

24 ಗಂಟೆಯ ಲೆಕ್ಕಕ್ಕೆ ರೆಗೆಕ್ಸ್ ಇದು:

^([01][0-9]|2[0-3]):[0-5][0-9]$

00ರಿಂದ 23ರವರೆಗೆ ಗಂಟೆ, 00ರಿಂದ 59ರವರೆಗೆ ನಿಮಿಷ. ಎರಡೂ ಕಡೆ ಕಡ್ಡಾಯವಾಗಿ ಎರಡಂಕಿ. ಮೊದಲ ^ ಮತ್ತು ಕೊನೆಯ $ ಗುರುತು ಬಿಟ್ಟರೆ "ನಾಳೆ 10:30 ಇರಬಹುದು" ಅನ್ನುವ ಸಾಲೂ ಪಾಸ್ ಆಗುತ್ತದೆ. ಮುಂದೆ ಪೈಥಾನ್ ಅಥವಾ ಪಿಎಚ್‌ಪಿಗೆ ಹೋದರೆ ಒಂದು ನೆನಪಿರಲಿ: ಅಲ್ಲಿ ಡಾಲರ್ ಗುರುತು ಕೊನೆಯಲ್ಲಿ ಒಂದು ಹೊಸ ಸಾಲಿನ ಅಕ್ಷರ ಇದ್ದರೂ ಒಪ್ಪುತ್ತದೆ. ಪೈಥಾನ್‌ನಲ್ಲಿ ಇಡೀ ಸ್ಟ್ರಿಂಗನ್ನೇ ಹೋಲಿಸುವ ಫುಲ್‌ಮ್ಯಾಚ್ ಬಳಸಿ.

ಎರಡಂಕಿಯ ಹಟ ಯಾಕೆ ಅಂದರೆ, ಸ್ಟ್ರಿಂಗ್ ಆಗಿ, ಅಂದರೆ ಒಂದೊಂದೇ ಅಕ್ಷರವಾಗಿ, ಹೋಲಿಸಿದಾಗ "9:30" ಅನ್ನೋದು "10:00"ಕ್ಕಿಂತ ದೊಡ್ಡದು. "09:30" ಆದರೆ ಸರಿಯಾಗಿ ಮೊದಲು ಬರುತ್ತದೆ. ಹಾಗಂತ 9:30 ಅಂತ ಬರೆದವರನ್ನು ವಾಪಸ್ ಕಳಿಸಬೇಡಿ. ರೆಗೆಕ್ಸ್‌ಗೆ ಕೊಡುವ ಮುಂಚೆ ನೀವೇ ಸ್ವಲ್ಪ ಸರಿಮಾಡಿಕೊಳ್ಳಿ. ಹಿಂದೆ ಮುಂದೆ ಇರುವ ಸ್ಪೇಸ್ ತೆಗೆಯಿರಿ. ಗಂಟೆ ಒಂದೇ ಅಂಕಿ ಇದ್ದರೆ ಮುಂದೆ ಸೊನ್ನೆ ಹಾಕಿ. ಚುಕ್ಕಿಯನ್ನು ಕೋಲನ್ ಮಾಡಿ. ನಮ್ಮ ಪೇಪರ್‌ಗಳಲ್ಲಿ, ಮದುವೆ ಕಾಗದಗಳಲ್ಲಿ "ಬೆಳಗ್ಗೆ 10.30ಕ್ಕೆ" ಅಂತಲೇ ಇರುತ್ತದೆ, ಜನ ಹಾಗೇ ಟೈಪ್ ಮಾಡುತ್ತಾರೆ. ಅದು ಅವರ ತಪ್ಪಲ್ಲ.

ಕನ್ನಡ ಅಂಕಿಗಳ ಬಗ್ಗೆಯೂ ಯೋಚಿಸಿ. ೧೦:೩೦ ಅಂತ ಬಂದರೆ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ ಅದನ್ನು ಸಂಖ್ಯೆ ಅಂತಲೇ ಒಪ್ಪುವುದಿಲ್ಲ. ಪೈಥಾನ್ 3ರ ಇಂಟ್ ಮಾತ್ರ ೧೦ ಕೊಟ್ಟರೆ ನೇರವಾಗಿ 10 ಅಂತ ಓದುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಹತ್ತೂ ಅಂಕಿ ಸಾಲಾಗಿ ಒಟ್ಟಿಗೆ ಇವೆ, ಬದಲಾಯಿಸುವ ಕೋಡ್ ಒಂದೇ ಸಾಲಿನದ್ದು. ಕನ್ನಡಿಗರಿಗೆ ಅಂತ ಮಾಡಿದ ಫಾರ್ಮ್ ಕನ್ನಡ ಅಂಕಿಯನ್ನು ತಪ್ಪು ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಎಎಂ, ಪಿಎಂ ತಗೊಳ್ಳುವುದಾದರೆ 12ರ ಹತ್ತಿರ ಹುಷಾರು. ಪಿಎಂ ಅಂದಕೂಡಲೇ 12 ಕೂಡಿಸಿದರೆ ಮಧ್ಯಾಹ್ನ ಹನ್ನೆರಡೂವರೆ 24:30 ಆಗುತ್ತದೆ. 12 ಎಎಂ ಅಂದರೆ 00, 12 ಪಿಎಂ ಅಂದರೆ 12.

ಇಷ್ಟೆಲ್ಲ ಯಾಕೆ, ಬ್ರೌಸರ್‌ನ ಟೈಮ್ ಇನ್‌ಪುಟ್ಟನ್ನೇ ಬಳಸಬಹುದಲ್ವಾ ಅಂತ ನೀವು ಕೇಳಬಹುದು. ಖಂಡಿತ ಬಳಸಿ, ನನ್ನ ಸಲಹೆಯೂ ಅದೇ. ಪರದೆ ಮೇಲೆ ಎಎಂ, ಪಿಎಂ ತೋರಿಸಿದರೂ ನಿಮಗೆ ಸಿಗುವ ವ್ಯಾಲ್ಯೂ ಯಾವಾಗಲೂ 24 ಗಂಟೆಯ ಲೆಕ್ಕದ್ದು. ಅದರ ಸ್ಟೆಪ್ (ಒಂದು ಸಮಯಕ್ಕೂ ಮುಂದಿನದಕ್ಕೂ ಇರುವ ಅಂತರ) ಸೆಕೆಂಡುಗಳಲ್ಲಿದೆ, ಕಾಲು ಗಂಟೆಯ ಸ್ಲಾಟ್ ಬೇಕಾದರೆ 900 ಕೊಡಿ. ಬಳಕೆದಾರ ಗಂಟೆ ತುಂಬಿ ನಿಮಿಷ ಬಿಟ್ಟರೆ ನಿಮಗೆ ಖಾಲಿ ಸ್ಟ್ರಿಂಗ್ ಬರುತ್ತದೆ. ಏನೂ ತುಂಬದಿದ್ದರೂ ಖಾಲಿಯೇ. ಎರಡನ್ನೂ ಬೇರೆ ಮಾಡಲು ಆ ಇನ್‌ಪುಟ್‌ನ ವ್ಯಾಲಿಡಿಟಿಯಲ್ಲಿ (ತುಂಬಿದ್ದು ಸರಿಯಿದೆಯಾ ಅಂತ ಬ್ರೌಸರ್ ಹೇಳುವ ಜಾಗ) ಬ್ಯಾಡ್‌ಇನ್‌ಪುಟ್ ನೋಡಿ.

ಆದರೆ ಬ್ರೌಸರ್‌ನಲ್ಲಿ ಮಾಡಿದ ಪರೀಕ್ಷೆ ಬಳಕೆದಾರನ ಅನುಕೂಲಕ್ಕೆ ಮಾತ್ರ. ಡೆವಲಪರ್ ಟೂಲ್ಸ್ ತೆಗೆದು ಯಾರು ಬೇಕಾದರೂ ಅದನ್ನು ಕಿತ್ತುಹಾಕಬಹುದು, ಇಲ್ಲವೇ ಫಾರ್ಮ್ ಮುಟ್ಟದೆ ನೇರವಾಗಿ ರಿಕ್ವೆಸ್ಟ್ ಕಳಿಸಬಹುದು. ನೋಡ್‌ನಲ್ಲಿ ಅದೇ ರೆಗೆಕ್ಸ್ ಮತ್ತೆ ಓಡಲೇಬೇಕು.

ಡೇಟಾಬೇಸ್ ಕಾಪಾಡುತ್ತದೆ ಅಂತಲೂ ನಂಬಬೇಡಿ. ಮೈಎಸ್‌ಕ್ಯೂಎಲ್‌ನ ಟೈಮ್ ಕಾಲಂ ಗಡಿಯಾರದ ಸಮಯಕ್ಕಷ್ಟೇ ಅಲ್ಲ, ಅವಧಿಗೂ ಮಾಡಿದ್ದು. ಅದರ ಮಿತಿ 838:59:59ರವರೆಗೆ. ಅಂದರೆ 25:10 ಅದಕ್ಕೆ ಸರಿಯಾದ ವ್ಯಾಲ್ಯೂ. ಇನ್ನೊಂದು ವಿಚಿತ್ರ: "10:11" ಕೊಟ್ಟರೆ 10:11:00 ಆಗುತ್ತದೆ, ಕೋಲನ್ ಇಲ್ಲದೆ "1011" ಕೊಟ್ಟರೆ 00:10:11 ಆಗುತ್ತದೆ. ಹತ್ತು ಗಂಟೆ ಹೋಗಿ ಹತ್ತು ನಿಮಿಷ! 8.0.16 ಅಥವಾ ಅದರ ನಂತರದ ಆವೃತ್ತಿ ಇದ್ದರೆ ಕಾಲಂ ಮೇಲೆ ಒಂದು ಚೆಕ್ (ಮಿತಿ ಮೀರಿದ್ದನ್ನು ಡೇಟಾಬೇಸೇ ತಡೆಯುವ ನಿಯಮ) ಹಾಕಿಬಿಡಿ, ಕ್ಲಿನಿಕ್ ತೆರೆಯುವ ಮುಚ್ಚುವ ಸಮಯದ ಒಳಗೆ ಇರಲಿ. ಅದಕ್ಕಿಂತ ಹಳೆಯವು ಚೆಕ್ ಬರೆಯಲು ಬಿಡುತ್ತವೆ, ಪಾಲಿಸುವುದಿಲ್ಲ.

ರೂಪ ಸರಿಯಿದ್ದೂ ಅರ್ಥ ತಪ್ಪಿರಬಹುದು. ಕ್ಲಿನಿಕ್ 10ರಿಂದ 7ರವರೆಗೆ, ಬಂದದ್ದು 5:30. ಸಂಜೆಯದೇ ಇರಬೇಕು, ಆದರೂ ನೀವೇ 17:30 ಮಾಡಿಕೊಳ್ಳಬೇಡಿ. "ಸಂಜೆ 5.30 ಅಂತ ತಗೊಳ್ಳಬಹುದಾ?" ಅಂತ ಬಾಕ್ಸ್ ಕೆಳಗೇ ಕೇಳಿ. ಎರರ್ ಬಂದಾಗಲೂ ಅವರು ಟೈಪ್ ಮಾಡಿದ್ದನ್ನು ಅಳಿಸಬೇಡಿ. "ಸಮಯ ತಪ್ಪಾಗಿದೆ" ಅಂದರೆ ಏನೂ ತಿಳಿಯುವುದಿಲ್ಲ, "ನಿಮಿಷ 59 ದಾಟಬಾರದು" ಅನ್ನಿ.

ಸಮಯ ಮುಗಿದುಹೋಗಿದೆಯಾ ಅಂತ ನೋಡುವಾಗ ಸರ್ವರ್ ಗಡಿಯಾರ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಇದೆಯಾ ಗಮನಿಸಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಮಧ್ಯಾಹ್ನ 3 ಆದಾಗ ಸರ್ವರ್‌ನಲ್ಲಿ 09:30, ಬೆಳಗ್ಗಿನ ಸ್ಲಾಟ್‌ಗಳೆಲ್ಲ ಇನ್ನೂ ಖಾಲಿ ಇವೆ ಅಂತ ಬುಕ್ ಆಗುತ್ತಲೇ ಇರುತ್ತವೆ. ಹೋಲಿಸುವಾಗ ಏಷ್ಯಾ ಕೋಲ್ಕತ್ತಾ ಟೈಮ್‌ಝೋನ್ ಹೆಸರಿಸಿ.

ಕೋಡ್ ತಿದ್ದಿದ ಮೇಲೆ 24:00, 9:5, 10.30, ೧೦:೩೦, 1011, 12:30 ಪಿಎಂ, ಬರೀ ಸ್ಪೇಸ್, ಇಷ್ಟನ್ನೂ ಒಂದೊಂದಾಗಿ ಹಾಕಿ ನೋಡಿ. ಯಾವುದಾದರೂ ಎರರ್ ಇಲ್ಲದೆ ಬೇರೆ ಸಮಯವಾಗಿ ಸೇವ್ ಆದರೆ ಆ ಕೋಡ್ ತುಣುಕನ್ನು ಇಲ್ಲಿ ಹಾಕಿ, ನೋಡೋಣ.